ಅವ್ವನ ಒಡಪು, ಅಪ್ಪನ ಬದಾಮಿ

ಜೂನ್ 9, ಸೋಮವಾರ. ಬೆಳಿಗ್ಗೆ 10

ವೇದಿಕೆಯ ಮೇಲೆ ಆಸೀನರಾಗಿರುವ ಸನ್ಮಾನ್ಯ ಪ್ರಿಂಟರ್ ಅವರೇ, ಮುಖ್ಯ ಅತಿಥಿಗಳಾಗಿ ಆಗಮಿಸಿ ಕಪಾಟಿನ ಉದ್ದಕ್ಕೂ ಕುಳಿತಿರುವ ನಮ್ಮೂರು ವಾಡಿಯ ಧೂಳಿನವರೇ, ಆಮಂತ್ರಣವಿಲ್ಲದೆ ಬಂದಿರುವ ಪಕ್ಕದ ಮನೆಯ ಆಶಾಬಿಯ ಬೆಕ್ಕೇ, ಹಾಗೂ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನೆಲಕ್ಕೆ ನೀರು ಚಿಮುಕಿಸುತ್ತಿರುವ ನನ್ನ ಅವ್ವ ತುಳಜಾಬಾಯಿಯೇ — ಸಮಸ್ತ ಸಭಿಕರಿಗೂ ಜೈಭೀಮ. ಈ ಡೈರಿಯ ಉದ್ಘಾಟನಾ ಸಮಾರಂಭಕ್ಕೆ ಭಾಗ್ಯ ಎಂಬ ನಾನು, ಬಿ.ಎ., ಕನ್ನಡ ಮಾಧ್ಯಮ, ಸೆಕೆಂಡ್ ಕ್ಲಾಸ್, ವಯಸ್ಸು ನಲವತ್ತೈದು, ಅವಿವಾಹಿತೆ, ತಮ್ಮೆಲ್ಲರನ್ನು ಸ್ವಾಗತಿಸುತ್ತೇನೆ. ಹಾರ ಇಲ್ಲ. ಚಹಾ ಇದೆ. ಅದೂ ಆರಿದೆ.

ಬೆಳಿಗ್ಗೆಯಿಂದ ಎರಡು ಲಗ್ನಪತ್ರಿಕೆ, ಒಂದು ತೊಟ್ಟಿಲು ಕಾರ್ಡು, ಒಂದು ಒಡಪು. ಒಡಪಿಗೇ ಗಿರಾಕಿ ಹೆಚ್ಚು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳುವಂತಿಲ್ಲ. ಮದುವೆಯ ದಿನ ಹೆಣ್ಣುಮಕ್ಕಳು ಹೊಸ್ತಿಲಿಗೆ ಅಡ್ಡ ನಿಂತು ‘ಹೆಸರ ಹೇಳು, ಒಳಗ ಬಾ’ ಅನ್ನುತ್ತಾರೆ. ಆಗ ಪ್ರಾಸ ಕಟ್ಟಿ, ಪ್ರಾಸದೊಳಗೆ ಹೆಸರು ಬಚ್ಚಿಟ್ಟು ಹೇಳಬೇಕು. ಈಗಿನ ಮದುಮಕ್ಕಳಿಗೆ ಕಟ್ಟಲು ಬರುವುದಿಲ್ಲ. ಮನೆಯ ಮುಂದಿನ ಕೋಣೆಯಲ್ಲಿರುವ ನನ್ನ ಡಿಟಿಪಿ ಅಂಗಡಿಗೆ ಬರುತ್ತಾರೆ. ಗಂಡನೇ ಇಲ್ಲದವಳು ಊರಿನ ಗಂಡಂದಿರಿಗೆಲ್ಲ ಪ್ರಾಸ ಹಚ್ಚುತ್ತಾಳೆ. ಇರಲಿ, ಹೊಟ್ಟೆಪಾಡು.

ಅವ್ವ ನೀರು ಚಿಮುಕಿಸುವುದು ಯಾಕೆಂದರೆ — ಮೊದಲು ಅಪ್ಪ, ಅವ್ವ ಇಬ್ಬರೂ ಶಹಾಬಾದದ ಹಾಸುಗಲ್ಲು ತಯಾರಿಸುವ ಫರ್ಸಿ ಯುನಿಟ್‌ನಲ್ಲಿದ್ದರು. ಕಲ್ಲು ಕೊಯ್ಯುವ ಗರಗಸ ಕಾಯದಂತೆ ನೀರು ಬಿಡುವುದು ಅವ್ವನ ಕೆಲಸ. ಬಿಟ್ಟು ಹದಿನೈದು ವರ್ಷವಾಯಿತು. ಈಗ ಮನೆಯ ನೆಲದ ಫರ್ಸಿಗೆ ಹಾಕುತ್ತಾಳೆ. ‘ಕಲ್ಲ ಕಾದಾವ ಭಾಗ್ಯವ್ವಾ, ಶೇಟ್ ಒದರ್ತಾನ.’ ಜಾರಿ ಬಿದ್ದವರಲ್ಲಿ ಇದುವರೆಗೆ ನಾನೇ ಪ್ರಥಮ ಸ್ಥಾನ.

ಮುಂದಿನ ವಾರ ಕಲಬುರಗಿಗೆ, ನರರೋಗದ ಡಾಕ್ಟರ ಹತ್ತಿರ. ಅವ್ವ ಏನು ಮರೆತಳು, ಏನು ನೆನಪಿಟ್ಟಳು, ದಿನಾ ಬರೆದಿಡಿ ಎಂದು ಫೋನಿನಲ್ಲಿ ಹೇಳಿದ್ದಾರೆ. ಅದಕ್ಕೇ ಈ ಡೈರಿ.

ಜೂನ್ 17. ಸಂಜೆ, ಗಾಡಿಯಿಂದ ಇಳಿದ ಮೇಲೆ

ಡಾಕ್ಟರಮ್ಮ ಮೈಸೂರು ಕಡೆಯವರು. ಮೆತ್ತಗೆ ಕೇಳುತ್ತಾರೆ. ಇವತ್ತು ಯಾವ ವಾರ? — ಅವ್ವ ನಕ್ಕಳು. ಯಾವ ತಿಂಗಳು? — ‘ತೊಗರಿ ಹೂವ ಬಿಟ್ಟಾವೇನ್ರಿ?’ ಅಂತ ತಿರುಗಿ ಕೇಳಿದಳು.

“ಯಜಮಾನರ ಹೆಸರೇನಮ್ಮ?”

ಅವ್ವ ಸೆರಗು ಬಾಯಿಗೆ ಹಿಡಿದಳು. ನಾಚಿಕೆ. ಅಪ್ಪನ ಮುಖ ಅರಳಿತು.

“ನಮ್ಮಲ್ಲಿ ಹಂಗ ಹೇಳಂಗಿಲ್ರಿ ಡಾಕ್ಟ್ರವ್ವಾ. ಒಡಪದಾಗ ಕೇಳ್ರಿ, ಫಟ್ ಅಂತ ಹೇಳ್ತಾಳ. ಲಗ್ನದಾಗ ಹೇಳಿದ್ದು. ನಲವತ್ತಾರು ವರ್ಷ ಆಯ್ತು, ಬಾಯಿಪಾಠ ಅದ.”

ನಾನು ಎತ್ತಿಕೊಟ್ಟೆ. ‘ಅವ್ವಾ, ಆಡಕಿ ತೊಗರಿ…’ ಆಡಕಿ ಅವ್ವನ ತವರೂರು. ಅವ್ವ ರಾಗದ ಸಮೇತ ಹಿಡಿದಳು —

ಆಡಕಿ ತೊಗರಿ ಅಟ್ಟದ ಮ್ಯಾಲ,
ಅಡವಿ ಜೇನು ಗಿಡದ ಮ್ಯಾಲ…

ನಿಂತಳು. ಮುಂದಿನ ಸಾಲು ‘ಭೀಮಶ್ಯಾರ ಹೆಸರ ನನ್ನ ನಾಲಗಿ ಮ್ಯಾಲ’. ಅಪ್ಪ ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತಿದ್ದ — ಪರೀಕ್ಷೆಯಲ್ಲಿ ಪಕ್ಕದವನಿಗೆ ಕಾಪಿ ಕೊಡುವವನ ಹಾಗೆ. ಅವ್ವ ಅವನನ್ನು ಬಹಳ ಹೊತ್ತು ನೋಡಿದಳು.

“ಇವರು ಭಾಳ ಛಲೋ ಮನಷ್ಯಾರ್ರಿ,” ಅಂದಳು. “ಹೆಸರಾ… ಹೆಸರ ಅವರಿಗೇ ಕೇಳಬೇಕು.”

ಎರಡು ವರ್ಷದಿಂದ ಅವ್ವ ಒಡಪಿನಲ್ಲೂ ಅಪ್ಪನ ಹೆಸರು ಎತ್ತಿಲ್ಲ. ಪದ್ಧತಿ ಅಂದುಕೊಂಡಿದ್ದೆವು. ಮರೆವು ಪದ್ಧತಿಯ ಸೆರಗು ಹೊದ್ದು ನಮ್ಮ ಮನೆಯಲ್ಲೇ ಓಡಾಡಿಕೊಂಡಿತ್ತು.

ಆಮೇಲೆ ಡಾಕ್ಟರಮ್ಮ ಕೇಳಿದ ಪ್ರಶ್ನೆ ನಮಗೆ ವಿಚಿತ್ರ ಅನ್ನಿಸಿತು. ಮುಟ್ಟು ಯಾವಾಗ ನಿಂತಿತು?

“ನಿಂತಿಲ್ರಿ, ನಿಲ್ಲಿಸೀವಿ,” ಅಂದ ಅಪ್ಪ. “ಮೂವತ್ತೆರಡಕ್ಕ ಚೀಲ ತೆಗಸೀವಿ.”

“ಗರ್ಭಕೋಶ ಮಾತ್ರವಾ? ಅಂಡಾಶಯನೂ ತೆಗೆದಿದ್ರಾ?”

ಕಾಗದ ಪತ್ರ ಏನೂ ಉಳಿದಿಲ್ಲ. ಆದರೆ ಅಪ್ಪ ನೋಡಿದ್ದಾನೆ. “ಟ್ರೇದಾಗ ಹಾಕ್ಕೊಂಡು ಹೊರಗ ತಂದು ತೋರಿಸಿದ್ರು ನನಗ. ಒಂದು ಚೀಲ. ಜೋಡಿ ಎರಡು ಸಣ್ಣವು… ಸಿಪ್ಪಿ ಸುಲಿದ ಬದಾಮಿ ಇದ್ದಂಗ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಳಿದರು. ಆ ಬದಾಮಿಗಳಿಂದಲೇ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಬರುತ್ತದೆ. ಅದು ಬರೀ ಬಸಿರು ಬಾಣಂತನಕ್ಕೆ ಅಲ್ಲ, ಎಲುಬಿಗೂ ಬೇಕು, ಹೃದಯಕ್ಕೂ ಬೇಕು, ಮೆದುಳಿಗೂ ಬೇಕು. ಚಿಕ್ಕ ವಯಸ್ಸಿನಲ್ಲೇ ಎರಡನ್ನೂ ತೆಗೆದು, ಬದಲಿಗೆ ಹಾರ್ಮೋನ್ ಕೊಡದೇ ಇದ್ದರೆ, ಮುಂದೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚು ಅಂತ ಅಧ್ಯಯನಗಳು ಹೇಳುತ್ತವೆ. ಸ್ಕ್ಯಾನ್ ನೋಡಿದರು. ಅಲ್ಜೈಮರ್ ಹಾಗೇ ಕಾಣುತ್ತಿದೆ ಅಂದು ಗುಳಿಗೆ ಬರೆದುಕೊಟ್ಟರು.

“ಈಗ ಕೊಟ್ಟರೆ?” ಅಂದೆ.

“ಈಗ ಕೊಟ್ಟು ಉಪಯೋಗ ಇಲ್ಲಮ್ಮ. ಈ ವಯಸ್ಸಲ್ಲಿ ಶುರು ಮಾಡಿದರೆ ತೊಂದರೆನೇ ಆಗಬಹುದು.”

“ಅಂದ್ರ ಇದು ನಾ ಮಾಡಿದ್ದೇನ್ರಿ?” — ಅಪ್ಪ.

“ಹಾಗಲ್ಲಪ್ಪ. ಅಪಾಯ ಹೆಚ್ಚು ಅಂದರೆ ಅದರಿಂದಲೇ ಬಂತು ಅಂತಲ್ಲ. ಬೇರೆ ನೂರು ಕಾರಣ ಇರಬಹುದು.”

ಅಪ್ಪ ‘ಅಪಾಯ ಹೆಚ್ಚು’ ಅನ್ನುವಷ್ಟನ್ನೇ ಕೇಳಿಸಿಕೊಂಡ. ಕಲಬುರಗಿಯಿಂದ ವಾಡಿಯವರೆಗೆ ಸ್ಕ್ಯಾನಿನ ಲಕೋಟೆ ತೊಡೆಯ ಮೇಲಿಟ್ಟುಕೊಂಡು ಕುಳಿತ. ಶಹಾಬಾದ ಸ್ಟೇಷನ್ ಬಂದಾಗ ಅವ್ವ ಕಿಟಕಿಯಿಂದ ಫರ್ಸಿ ರಾಶಿ ನೋಡಿ ‘ನೀರ ಬಿಟ್ಟಾರೋ ಇಲ್ಲೋ’ ಅಂದಳು. ಅಪ್ಪ ‘ಬಿಟ್ಟಾರ’ ಅಂದ.

ಈಸ್ಟ್ರೋಜನ್‌ಗೆ ಪ್ರಾಸ ಹುಡುಕಿದೆ. ಭೋಜನ, ಯೋಜನ, ಪ್ರಯೋಜನ. ಕೊನೆಯದನ್ನು ಹೊಡೆದು ಹಾಕಿದೆ.

ಜೂನ್ 18

ಅಪ್ಪ ಬೆಳಿಗ್ಗೆ ರೊಟ್ಟಿ ಮುಟ್ಟಲಿಲ್ಲ. ಈಗ ಅವನು ಕಲ್ಲು ಎತ್ತುವವನಲ್ಲ. ಯುನಿಟ್ಟಿನ ಗೇಟಿನಲ್ಲಿ ಕುಳಿತು ಒಳಗೆ ಹೋಗುವ ಲಾರಿ ನೋಡಿಕೊಳ್ಳುವ ಎಪ್ಪತ್ತರ ಮುದುಕ. ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತ.

“ಆಕಿ ಬ್ಯಾಡ ಅಂದಿದ್ದಳು ಭಾಗ್ಯಾ. ಬಿಳೀಮುಟ್ಟು, ಹೊಟ್ಟಿನೋವು… ಇನ್ನೊಂದ್ ತಿಂಗಳು ಗುಳಿಗಿ ತಗೊಂಡ್ ನೋಡ್ತೀನಿ ಅಂದಳು. ನಾನೇ, ಒಮ್ಮೆ ತೆಗಸಿ ಮುಗಸು, ದಿನಾ ದವಾಖಾನಿ ಯಾಂವ ತಿರಗ್ತಾನ ಅಂದೆ. ಕಾಗದಕ್ಕ ಒತ್ತಿದ ಅಂಗಠಾನೂ ನಂದೇ.”

“ಆಗ ಯಾರಿಗೆ ಗೊತ್ತಿತ್ತಪ್ಪಾ.”

“ಆಕಿಗಿ ಗೊತ್ತಿತ್ತು. ಅದಕ್ಕೇ ಸಿಟ್ಟ. ಅದಕ್ಕೇ ಹೆಸರ ಹೇಳವಲ್ಲಳು.”

ಹೇಳಿದೆ, ಇದು ಸಿಟ್ಟಲ್ಲ, ರೋಗ ಅಂತ. ತಲೆಯಾಡಿಸಿದ. ನಂಬಲಿಲ್ಲ. ಸಿಟ್ಟಾದರೆ ಎಂದಾದರೂ ಇಳಿದೀತು, ರೋಗ ಇಳಿಯುವುದಿಲ್ಲವಲ್ಲ. ಸಿಟ್ಟನ್ನೇ ಆರಿಸಿಕೊಂಡಿದ್ದಾನೆ.

ಸಂಜೆ ಬರುವಾಗ ಕೈಯಲ್ಲಿ ಪುಡಿಕೆ. ಬದಾಮಿ. ಬುದ್ಧಿಗೆ ಛಲೋ ಅಂತ ಯಾರೋ ಅಂದರಂತೆ. ಎರಡು ಕಾಳು ನೀರಿಗೆ ಹಾಕಿ ಇಟ್ಟ. ಎರಡೇ ಯಾಕೆ ಅಂತ ನಾನು ಕೇಳಲಿಲ್ಲ.

ಆಶಾಬಿ ಬಂದಿದ್ದಳು. ಅವ್ವನ ವಾರಿಗೆಯವಳು. “ಐದು ಮಂದಿ ಒಂದೇ ಟೆಂಪೋದಾಗ ಆಪರೇಷನ್ನಿಗಿ ಹೋಗಿದ್ವಿ ಬೇಟಿ, ನಂದೂ ಎಲ್ಲಾ ಸಾಫ್ ಮಾಡ್ಯಾರ. ನನಗೇನಾಗ್ಯಾದ? ನಿಮ್ಮಪ್ಪನ ಲಗ್ನದ ಊಟನೂ ನೆನಪದ ನನಗ. ಸಾರಿಗಿ ಉಪ್ಪ ಹೆಚ್ಚಾಗಿತ್ತು.” ಅಪಾಯ ಅಂದರೆ ಏನು ಅಂತ ಡಾಕ್ಟರಮ್ಮ ಹೇಳಿದ್ದು ಈಗ ತಿಳಿಯಿತು. ಒಂದೇ ಟೆಂಪೋ. ಒಬ್ಬಳಿಗೆ ಉಪ್ಪೂ ನೆನಪಿದೆ, ಒಬ್ಬಳಿಗೆ ಗಂಡನ ಹೆಸರೂ ಇಲ್ಲ.

ಜೂನ್ 25. ಸಂಜೆ 6

ಸಭಿಕರೇ, ಚಪ್ಪಾಳೆ. ಅವ್ವ ಇವತ್ತು ಹೇಳಿದಳು!

ಮಧ್ಯಾಹ್ನ. ನಾನು ಬ್ಯಾನರ್ ಕೆಲಸದಲ್ಲಿದ್ದೆ. ಪ್ಯಾಸೆಂಜರ್ ಗಾಡಿ ಕೂಗಿತು. ಅವ್ವ ತಾನಾಗೇ —

ವಾಡಿ ಜಂಕ್ಷನ್‌ದಾಗ ಗಾಡಿ ನೂರು,
ಹತ್ತೋರು ಯಾರು, ಇಳಿಯೋರು ಯಾರು,
ನನ್ನ ಗಾಡಿ ನಿಲ್ಲೂದು ಭೀಮಶ್ಯಾರ ಊರು.

ಅಪ್ಪ ಬಂದ ಕೂಡಲೇ ಎಂದಿನಂತೆ ಕೇಳಿದ, “ಇವತ್ತ ಏನಾರ ಅಂದಳೇನು?” ಡೈರಿ ತೆಗೆದು ಓದಿದೆ. ಇನ್ನೊಮ್ಮೆ ಓದು ಅಂದ. ಓದಿದೆ. ಅವ್ವನ ಎದುರು ಕುಳಿತು ಅವಳ ಮುಖ ನೋಡಿದ. ಅವ್ವ ಬೆಕ್ಕಿನ ಬಾಲ ನೋಡುತ್ತಿದ್ದಳು. ಅಪ್ಪ ಎರಡು ರೊಟ್ಟಿ ತಿಂದ. ಪುಂಡಿಪಲ್ಯ ಮತ್ತೆ ಹಾಕಿಸಿಕೊಂಡ.

ಜುಲೈ 10. ಹುಣ್ಣಿಮೆ

ಬುದ್ಧವಿಹಾರಕ್ಕೆ ಹೋಗಿದ್ದೆವು. ಬಿಳಿ ಸೀರೆ ಉಡಿಸಿದೆ. ವಂದನೆ ಶುರುವಾದದ್ದೇ ತಡ, ಅವ್ವ ಕೈ ಮುಗಿದು ತಿಸರಣ, ಪಂಚಶೀಲ ಎಲ್ಲ ಹೇಳಿದಳು, ಒಂದಕ್ಷರ ತಪ್ಪದೆ. ಪಾಲಿ ಭಾಷೆ ಬರುತ್ತದೆ. ಮನೆಯವನ ಹೆಸರು ಬರುವುದಿಲ್ಲ. ಅಪ್ಪ ಕಂಬಕ್ಕೆ ಒರಗಿ ಕೇಳುತ್ತ ನಿಂತಿದ್ದ, ಇದರಲ್ಲೇ ಎಲ್ಲೋ ತನ್ನದೂ ಬಂದೀತು ಅನ್ನುವ ಹಾಗೆ.

ಬಂತು. ಮನೆಗೆ ಬಂದ ಮೇಲೆ. ಅಪ್ಪ ಹಾಲು ತರಲು ಹೋಗಿದ್ದಾಗ. ಪೇಪರಿನಲ್ಲಿ ಚಿಂಚೋಳಿ ಕಡೆಯ ಮಳೆಯ ಫೋಟೋ ತೋರಿಸಿದ್ದೆ —

ಚಂದ್ರಂಪಳ್ಳಿ ಕೆರಿಗಿ ಕೊಕ್ಕರಿ ಬಂದಾವು,
ಹಿಡಿ ಹಿಡಿ ಮೀನ ಹಿಡದು ತಿಂದಾವು,
ಭೀಮಶ್ಯಾ ಬರೂ ಹಾದಿಗಿ ನನ್ನ ಕಣ್ಣ ನಿಂದಾವು.

“ಯಾವಾಗೂ ನಾ ಇಲ್ಲದಾಗೇ ಹೇಳ್ತಾಳಲ್ಲ,” ಅಂದ ಅಪ್ಪ.

“ನಾಚಿಕಿ,” ಅಂದೆ.

“ಹೌದು. ನಾಚಿಕಿ.” ಬಹಳ ಹೊತ್ತು ನಗುತ್ತ ಕುಳಿತಿದ್ದ.

ಜುಲೈ 22

ನನ್ನ ಸುದ್ದಿಯೂ ಸ್ವಲ್ಪ. ಮೂರು ತಿಂಗಳಿಂದ ರಕ್ತ ನಿಲ್ಲುತ್ತಿಲ್ಲ. ಕುರ್ಚಿಯ ಮೇಲೆ ಹಳೇ ಬ್ಯಾನರ್ ಮಡಚಿ ಹಾಕಿ ಕೂರುತ್ತೇನೆ. ಯಾವುದೋ ನಾಯಕರ ಹುಟ್ಟುಹಬ್ಬದ್ದು. ಕ್ಷಮೆ ಇರಲಿ.

ಇವತ್ತು ಸೇಡಮ್‌ನ ಒಂದು ನರ್ಸಿಂಗ್ ಹೋಮಿಗೆ ಹೋಗಿದ್ದೆ. ಗರ್ಭಕೋಶದಲ್ಲಿ ಗಡ್ಡೆ ಇದೆಯಂತೆ. ಡಾಕ್ಟರು ಮೊಬೈಲ್ ನೋಡುತ್ತ ಹೇಳಿದರು, “ಎಲ್ಲಾ ಒಟ್ಟಿಗೆ ತೆಗೆದುಬಿಡೋಣ. ಮದುವಿನೇ ಆಗಿಲ್ಲ, ಇಟ್ಕೊಂಡು ಏನ್ ಮಾಡ್ತೀರಿ?”

ಕಿಡ್ನಿಗೂ ಮದುವೆ ಆಗಿಲ್ಲ ಡಾಕ್ಟರೇ, ಅನ್ನಬೇಕಿತ್ತು. ಬಸ್ಸಿನಲ್ಲಿ ಹೊಳೆಯಿತು. ಒಳ್ಳೆಯ ಮಾತುಗಳೆಲ್ಲ ನನಗೆ ಬಸ್ಸಿನಲ್ಲೇ ಹೊಳೆಯುವುದು.

ಆಶಾಬಿಗೂ ಅದೇ ಅಭಿಪ್ರಾಯ. “ತೆಗ್ಸಿಬಿಡು ಬೇಟಿ, ಕಟಕಟಿ ಹೋಗ್ತದ.” ಅಪ್ಪ ಒಳಗಿನಿಂದ ಬಂದ. ಆಶಾಬಿಯ ಮುಂದೆ ಎಂದೂ ದನಿ ಎತ್ತಿದವನಲ್ಲ.

“ಬದಾಮಿ ತೆಗಸಬ್ಯಾಡ,” ಅಂದ. ಇನ್ನೊಮ್ಮೆ ಅದನ್ನೇ ಅಂದು ಒಳಗೆ ಹೋದ.

ಆಗಸ್ಟ್ 12

ಕಲಬುರಗಿ. ನರರೋಗದ ಡಾಕ್ಟರಮ್ಮನೇ ಹೆಂಗಸರ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಈ ಹೆಂಗಸರ ಡಾಕ್ಟರು ಸ್ಕ್ಯಾನ್ ಎತ್ತಿ ಬೆಳಕಿಗೆ ಹಿಡಿದು, “ಗಡ್ಡೆ ದೊಡ್ಡದಿದೆ, ಗರ್ಭಕೋಶ ಉಳಿಸೋದು ಕಷ್ಟ. ಅಂಡಾಶಯ ಚೆನ್ನಾಗಿವೆ, ಮುಟ್ಟೋದು ಬೇಡ. ನಲವತ್ತೈದಕ್ಕೆ ಅವಿನ್ನೂ ಡ್ಯೂಟಿಯಲ್ಲಿರ್ತಾವೆ,” ಅಂದರು. ಅವರಿಗೆ ಒಂದು ಪ್ರಾಸ ಕಟ್ಟಿಕೊಡಬೇಕು ಅನ್ನಿಸಿತು.

ನಾನು ಒಪ್ಪಿಕೊಂಡೆ. ಒಂದು ವಾರ ಬಿಟ್ಟು ಅಡ್ಮಿಟ್.

ಅವ್ವ ಇವತ್ತು ಹೇಳಿದ್ದು. ಅಪ್ಪ ಲಾರಿ ಡ್ರೈವರ್ ಜೊತೆ ಜಗಳಾಡಿ ಬಂದು ಮುಖ ತೊಳೆಯಲು ಹೋಗಿದ್ದಾಗ, ಸರಿಯಾಗೇ ಹೇಳಿದಳು —

ಫರ್ಸಿ ಮ್ಯಾಲ ನೀರ ಚೆಲ್ಲಿದರ ಜಾರತಾದ,
ಮಾತಿಗಿ ಮಾತ ಬೆಳದರ ಏರತಾದ,
ಭೀಮಶ್ಯಾರ ಸಿಟ್ಟ ಚಹಾ ಕುಡದರ ಆರತಾದ.

ಓದಿ ಹೇಳಿದೆ. ಅಪ್ಪ ನಕ್ಕು ಚಹಾ ಕುಡಿದ. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದ. ‘ಇದು ಭಾಳ ಛಂದ ಅದ’ ಅಂದ. ಯಾಕೋ ಅವ್ವನಿಗಲ್ಲ, ನನಗೆ.

ಆಗಸ್ಟ್ 19

ನಾಳೆ ಹೋಗಬೇಕು. ಅಂಗಡಿಗೆ ಬೀಗ. ಅವ್ವನ ಔಷಧ, ಬಟ್ಟೆ, ಊಟ ಎಲ್ಲ ಅಪ್ಪನಿಗೆ ಹೇಳಿದ್ದೇನೆ. ಆತ ರಜೆ ಹಾಕಿದ್ದಾನೆ. ‘ನೀ ಹೋಗಿ ಬಾ. ಆಕಿ ಏನಂದ್ರೂ ನಾ ನೆನಪಿಟ್ಕೊಂತೀನಿ, ನೀ ಬಂದ ಮ್ಯಾಲ ಬರ್ಕೋ’ ಅಂದ.

ನಾನಿಲ್ಲದ ಅಷ್ಟೂ ದಿನ ಅವ್ವನ ಜೊತೆ ಅಪ್ಪ ಒಬ್ಬನೇ. ಇದನ್ನು ನಾನು ಯೋಚಿಸಿರಲಿಲ್ಲ.

ಸೆಪ್ಟೆಂಬರ್ 4

ಕೂತು ಬರೆಯಲು ಇವತ್ತು ಮೊದಲ ಸಲ ಆಗುತ್ತಿದೆ. ಕೆಮ್ಮಿದರೆ ಹೊಲಿಗೆ ಎಳೆಯುತ್ತದೆ, ನಕ್ಕರೆ ಇನ್ನೂ ಹೆಚ್ಚು. ಅದಕ್ಕೆ ಸಭಿಕರು ಇವತ್ತು ಗಂಭೀರವಾಗಿರತಕ್ಕದ್ದು.

ಆಪರೇಷನ್ ದಿನ ಅಪ್ಪ ಬಂದಿದ್ದ. ಅವ್ವನನ್ನು ಆಶಾಬಿಯ ಹತ್ತಿರ ಬಿಟ್ಟು. ನನಗೆ ಎಚ್ಚರವಾದಾಗ ಹಾಸಿಗೆ ಪಕ್ಕ ನಿಂತಿದ್ದ, ಟೋಪಿ ಕೈಯಲ್ಲಿ ಹಿಡಿದು.

“ಟ್ರೇ ತೋರಸ್ರಿ ಅಂತ ಕೇಳಿ ನೋಡಿ ಬಂದೀನಿ,” ಅಂದ. “ಚೀಲ ಒಂದೇ ಅದ. ಬದಾಮಿ ಇಲ್ಲ. ಎರಡೂ ನಿನ್ನ ಹತ್ರಾನೇ ಅವ.”

ಅಷ್ಟು ಹೇಳಿ ಮೂಗು ಒರೆಸಿಕೊಂಡು ಮಧ್ಯಾಹ್ನದ ಗಾಡಿ ಹಿಡಿದ.

ನಾನು ಮನೆಗೆ ಬಂದು ಒಂದು ವಾರವಾಯಿತು. ಇವತ್ತು ಮಜ್ಜಿಗೆ ಕೊಡುತ್ತ ತಾನೇ ಶುರು ಮಾಡಿದ.

“ಬರ್ಕೋ. ನೀ ಇಲ್ಲದಾಗ ಆಕಿ ಹೇಳಿದ್ದು ಅದ.”

“ಏನಂದಳು?”

ಅಪ್ಪ ಸೂರು ನೋಡಿದ. ಗಂಟಲು ಸರಿ ಮಾಡಿಕೊಂಡ. ಪಾಠ ಒಪ್ಪಿಸುವ ದನಿಯಲ್ಲಿ —

ಹೊರಗ ಬಿಸಲ ಭಾಳ ಅದ.
ಕುಕ್ಕರ ಮೂರು ಸೀಟಿ ಹೊಡೀತು.
ಭೀಮಶ್ಯಾ ಬ್ಯಾಳಿ ಇಟ್ಟಾನ.

ಪೆನ್ನು ನಿಂತಿತು. ಎಲ್ಲಿ ಹುಡುಕಿದರೂ ಒಂದು ಪ್ರಾಸ ಇಲ್ಲ.

“ಪ್ರಾಸ…” ಅಂದೆ.

“ನೀ ಇದ್ದಾಗ ಕೂಡತಿತ್ತು. ನೀ ಇಲ್ಲದಾಗ ಕೂಡಲಿಲ್ಲ,” ಅಂದ ಅಪ್ಪ. ಲೋಟ ಎತ್ತಿಕೊಂಡು ತೊಳೆಯಲು ಹೋದ. ನಳದ ಹತ್ತಿರ ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತಿದ್ದ.

ಬರೆದುಕೊಂಡಿದ್ದೇನೆ. ಅವನು ಹೇಳಿದ ಹಾಗೇ, ಒಂದಕ್ಷರ ತಿದ್ದದೆ.

ಸೆಪ್ಟೆಂಬರ್ 21

ಅವ್ವ ನನ್ನನ್ನು ಶಾಲೆಯ ಟೀಚರೆಂದು ತಿಳಿದು ‘ಬಾಯಾರ’ ಅಂದಳು. ‘ಬಾಯಾರ, ನಮ್ಮ ಹುಡುಗಿ ಸಾಲಿಯಿಂದ ಬಂದಿಲ್ಲ, ನೋಡ್ರೀ ಸ್ವಲ್ಪ.’ ನೋಡುತ್ತೇನೆ ಅಂದೆ. ಬಾಗಿಲವರೆಗೆ ಹೋಗಿ ನೋಡಿ ಬಂದೆ.

ಅಪ್ಪ ಈಗ ಸಂಜೆ ಬಂದು ‘ಏನಾರ ಅಂದಳೇನು’ ಅಂತ ಕೇಳುವುದಿಲ್ಲ. ಬದಾಮಿ ಮಾತ್ರ ತಪ್ಪಿಸಿಲ್ಲ.

ಅಕ್ಟೋಬರ್ 14. ಮಧ್ಯಾಹ್ನ 3

ನಾಳೆ ಕಲಬುರಗಿ. ಡಾಕ್ಟರಮ್ಮ ಫೋನ್ ಮಾಡಿ, ಬರೆದಿಟ್ಟ ಪುಸ್ತಕ ತನ್ನಿ, ಗುಳಿಗೆ ಮುಂದುವರಿಸೋದಾ ಬದಲಿಸೋದಾ ಅದನ್ನು ನೋಡಿ ಹೇಳ್ತೀನಿ ಅಂದಿದ್ದಾರೆ.

ಅಪ್ಪ ಮನೆಯಲ್ಲೇ ಇದ್ದ. ಅಂಗಡಿಯಲ್ಲಿ ಅವ್ವನ ಎದುರು ಕುಳಿತು ಬದಾಮಿ ಸುಲಿಯುತ್ತಿದ್ದ. ಅವ್ವ ಆ ಬೆರಳುಗಳನ್ನೇ ನೋಡುತ್ತಿದ್ದಳು. ಆಮೇಲೆ ಮುಖ.

“ನಿಮ್ಮ ಹೆಸರೇನ್ರಿ?”

ಅಪ್ಪ ನನ್ನ ಕಡೆ ನೋಡಿದ. ನಾನು ಕಂಪ್ಯೂಟರ್ ಕಡೆ ನೋಡಿದೆ.

“ಭೀಮಶ್ಯಾ.”

“ಭೀಮಶ್ಯಾ,” ಅಂದಳು ಅವ್ವ.

ಸ್ಪಷ್ಟ. ನೆಟ್ಟಗೆ ಅವನ ಕಣ್ಣು ನೋಡಿ. ರಾಗ ಇಲ್ಲ, ಪ್ರಾಸ ಇಲ್ಲ. ಸೆರಗು ಬಾಯಿಗೆ ಹೋಗಲಿಲ್ಲ. ಮದುವೆಯಾದಾಗಿನಿಂದ ಮೊದಲ ಸಲ. ಬೇರೆಯವರ ಹೆಸರು ಹೇಳಲು ನಾಚಿಕೆ ಯಾಕೆ?

“ಭೀಮಶ್ಯಾ ಅಣ್ಣಾ, ದಿನಾ ಬರ್ತೀರಿ, ದಿನಾ ಕೊಡ್ತೀರಿ. ನಿಮ್ಮ ಮನ್ಯಾಗ ಹೆಂಡ್ತಿ ಮಕ್ಕಳಿಗೂ ಒಂದಿಷ್ಟು ಒಯ್ಯಬೇಕಪಾ.”

“ಒಯ್ತೀನವ್ವಾ,” ಅಂದ ಅಪ್ಪ. ಸುಲಿಯುವುದು ನಿಲ್ಲಿಸಲಿಲ್ಲ. ಎರಡನ್ನೂ ಸುಲಿದು, ತೊಳೆದು, ಅವಳ ಅಂಗೈಯಲ್ಲಿಟ್ಟ. ಹೊರಗೆ ಹೋದ. ಇನ್ನೂ ಬಂದಿಲ್ಲ.

ಸಮಸ್ತ ಸಭಿಕರೇ —

ಇಲ್ಲ. ಸಭಿಕರು ಯಾರೂ ಇಲ್ಲ. ಪ್ರಿಂಟರ್ ಇದೆ. ಧೂಳಿದೆ. ನಾಳೆ ಡಾಕ್ಟರಮ್ಮ ಇದನ್ನು ಓದುತ್ತಾರೆ, ಓದಿ ಗುಳಿಗೆ ಕೆಲಸ ಮಾಡುತ್ತಿದೆ ಅಂದುಕೊಳ್ಳುತ್ತಾರೆ. ಅದಕ್ಕೆ ಬರೆಯುತ್ತೇನೆ. ಲಗ್ನದ್ದೊಂದು ಬಿಟ್ಟರೆ ಇದರೊಳಗಿನ ಒಡಪು ನನ್ನವು. ಗಾಡಿಯದ್ದು, ಕೊಕ್ಕರೆಯದ್ದು, ಚಹಾದ್ದು, ಎಲ್ಲಾ. ಕುಕ್ಕರಿನದು ಅಪ್ಪನದು. ಅವ್ವ ಒಂದೂ ಹೇಳಿಲ್ಲ. ಒಂದು ದಿನವೂ. ಹೇಳಿದ್ದು ಇವತ್ತೇ, ಅದೂ ಬೇರೆ ಯಾರದೋ ಹೆಸರು ಅಂದುಕೊಂಡು.